ಮೇಲುಕೋಟೆಯ ಸರಕು

ಮೇಲುಕೋಟೆ ಎಂದರೆ ಚೆಲುವನಾರಾಯಣ, ವೈರಮುಡಿ, ಬೆಟ್ಟದ ತುದಿಯ ಯೋಗಾನರಸಿಂಹ, ಕಲ್ಯಾಣಿಯ ಮೆಟ್ಟಿಲು. ಹನ್ನೆರಡನೆಯ ಶತಮಾನದಲ್ಲಿ ರಾಮಾನುಜಾಚಾರ್ಯರು ಬಂದು ನೆಲೆಸಿದ ಕಥೆ, ಹೊಯ್ಸಳ ವಿಷ್ಣುವರ್ಧನ ಆಶ್ರಯ ಕೊಟ್ಟ ಕಥೆ, ರಾಜ ಒಡೆಯರು ರಾಜಮುಡಿ ಕಿರೀಟ ಒಪ್ಪಿಸಿದ ಕಥೆ ಎಲ್ಲರಿಗೂ ಗೊತ್ತು. ಬಂಡೆಗಳ ಮೇಲೆ ಕೂತ ಈ ಊರು ಹೊಟ್ಟೆಪಾಡಿಗೆ ಏನು ಮಾಡಿಕೊಂಡು ಬಂತು ಎಂದು ಕೇಳುವವರು ಮಾತ್ರ ಕಡಿಮೆ. ಊರ ಚರಿತ್ರೆಯ ಅರ್ಧ ಭಾಗ ಆ ಪ್ರಶ್ನೆಯಲ್ಲೇ ಇದೆ ಎಂದು ನನಗನಿಸುತ್ತದೆ.

ಬ್ರಿಟಿಷರ ಕಾಲದ ಗೆಜೆಟಿಯರುಗಳಲ್ಲಿ ಮೇಲುಕೋಟೆಯ ಮೂರು ಸರಕುಗಳ ಪ್ರಸ್ತಾಪವಿದೆ. ಒಂದು, ಇಲ್ಲಿ ನೇಯ್ದ ಒಳ್ಳೆಯ ಹತ್ತಿ ಬಟ್ಟೆ. ಎರಡು, ಲಾಮಂಚದ ಬೇರಿನಿಂದ ಮಾಡಿದ ಚೆಂದದ ಬೀಸಣಿಗೆ. ಮೂರನೆಯದು ನಾಮದ ಮಣ್ಣು. ಶ್ರೀವೈಷ್ಣವರು ಹಣೆಗೆ ಇಟ್ಟುಕೊಳ್ಳುವ ಆ ಬಿಳಿ ಮಣ್ಣು ಇಲ್ಲಿಂದ ಕಾಶಿಯವರೆಗೂ ಹೋಗುತ್ತಿತ್ತು. ಗರುಡನೇ ಅದನ್ನು ಶ್ವೇತದ್ವೀಪದಿಂದ ತಂದನೆಂದು ಊರ ನಂಬಿಕೆ. ಮೂರೂ ದೇವರ ನೆರಳಿನಲ್ಲೇ ಹುಟ್ಟಿದ ಕಸುಬುಗಳು, ಆದರೆ ಅವುಗಳ ಹಿಂದೆ ಅಗೆದ, ಹೆಣೆದ, ನೇಯ್ದ ಕೈಗಳಿದ್ದವು. ಆ ಕೈಗಳ ಹೆಸರು ಯಾವ ಶಾಸನದಲ್ಲೂ ಸಿಗುವುದಿಲ್ಲ.

ಯಾತ್ರೆಯನ್ನು ನಂಬಿದ ಊರು ಯುದ್ಧ ಬಂದಾಗ ಮೊದಲು ಬೀಳುತ್ತದೆ. 1771ರಲ್ಲಿ ಚಿನಕುರಳಿಯ ಕಾಳಗದಲ್ಲಿ ಹೈದರನನ್ನು ಸೋಲಿಸಿದ ಮರಾಠರು ಮೇಲುಕೋಟೆಗೆ ನುಗ್ಗಿ ಕೊಳ್ಳೆಹೊಡೆದರು. ಕಬ್ಬಿಣದ ಆಸೆಗೆ ದೇವರ ದೊಡ್ಡ ದೊಡ್ಡ ಮರದ ತೇರುಗಳಿಗೆ ಬೆಂಕಿ ಇಟ್ಟರು. ಉರಿ ಗುಡಿಗಳಿಗೂ ಹಬ್ಬಿ ಕೆಲವು ಪೂರ್ತಿ ಸುಟ್ಟುಹೋದವು. ಒಂದು ತೇರಿನಲ್ಲಿ ಬಡಗಿಯ, ಕಮ್ಮಾರನ, ಹಗ್ಗ ಹೊಸೆಯುವವನ ಎಷ್ಟು ಕಾಲದ ದುಡಿಮೆ ಕೂಡಿರುತ್ತದೆ! ಅದಿಷ್ಟೂ ಹಳೆ ಕಬ್ಬಿಣದ ಬೆಲೆಗೆ ಹೋಯಿತು.

ಈಗಿನ ಅಂಗಡಿಬೀದಿಯಲ್ಲಿ ಪುಳಿಯೋಗರೆಯದೇ ರಾಜ್ಯ. ಹುಣಸೆ, ಮೆಣಸು, ಎಳ್ಳು, ಬೆಲ್ಲ ಸೇರಿ ಎಣ್ಣೆ ಬಿಡುವವರೆಗೆ ಕುದಿದ ಗೊಜ್ಜು ಬಹಳ ದಿನ ಕೆಡುವುದಿಲ್ಲ, ಯಾತ್ರಿಕರ ಚೀಲದಲ್ಲಿ ಊರೂರಿಗೆ ಹೋಗುತ್ತದೆ. ಮಾರ್ಚ್ ಇಲ್ಲವೇ ಏಪ್ರಿಲ್‌ನಲ್ಲಿ ಮಂಡ್ಯದ ಖಜಾನೆಯಿಂದ ದೇವರ ವೈರಮುಡಿ ಕಿರೀಟ ಪೊಲೀಸ್ ಕಾವಲಿನಲ್ಲಿ ಬೆಟ್ಟ ಹತ್ತಿತೆಂದರೆ ರಾತ್ರಿಯಿಡೀ ವ್ಯಾಪಾರ. ಜಾತ್ರೆ ಮುಗಿದು ಜನ ಇಳಿದ ಮೇಲೆ ಉಳಿಯುವವರು ಊರಿನವರು. ಬರುವವರಿಗೆ ಮಾರುವುದು ಸುಲಭ, ಇರುವವರ ಕೈಗೆ ವರ್ಷವಿಡೀ ಕೆಲಸ ಕೊಡುವುದೇ ಕಷ್ಟ.

ಆ ಕಷ್ಟವನ್ನು ಹೊತ್ತವರು ಸುರೇಂದ್ರ ಕೌಲಗಿ. ಉತ್ತರ ಕರ್ನಾಟಕದ ಕಡೆಯವರು, ಜಯಪ್ರಕಾಶ ನಾರಾಯಣರ ಆಪ್ತ ಕಾರ್ಯದರ್ಶಿಯಾಗಿದ್ದವರು. ದೊಡ್ಡವರ ಒಡನಾಟದಲ್ಲೇ ಬಾಳು ಕಳೆಯಬಹುದಾಗಿದ್ದ ಮನುಷ್ಯ ಈ ಬೆಟ್ಟದೂರಿಗೆ ಬಂದು 1960ರಲ್ಲಿ ಜನಪದ ಸೇವಾ ಟ್ರಸ್ಟ್ ಕಟ್ಟಿದರು. ದಿಕ್ಕಿಲ್ಲದ ಮಕ್ಕಳಿಗೆ ಕರುಣಾಗೃಹ ತೆರೆದರು. ರಾಸಾಯನಿಕ ಗೊಬ್ಬರವಿಲ್ಲದೆ ಬೆಳೆಯುವ ‘ಹೊಸ ಜೀವನ ದಾರಿ’ ಎಂಬ ತೋಟ ಎಬ್ಬಿಸಿದರು. ಖಾದಿಯ ಕೆಲಸವನ್ನೂ ಕೈಗೆತ್ತಿಕೊಂಡರು.

ಅವರನ್ನು ವರ್ತಕರೆಂದು ಯಾರೂ ಕರೆಯಲಿಲ್ಲ, ಅವರೂ ಹಾಗೆ ಹೇಳಿಕೊಂಡವರಲ್ಲ. ಆದರೂ ಬಟ್ಟೆ ತಯಾರಿಸಿ ಬೆಲೆ ಕಟ್ಟಿ ಮಾರುವುದು ವ್ಯಾಪಾರವೇ. ಆ ವ್ಯಾಪಾರ ನಡೆಯುವ ಬಗೆಯನ್ನು ಸ್ವಲ್ಪ ನಿಂತು ನೋಡಬೇಕು. ಗಿರಣಿ ಬಟ್ಟೆಯ ದುಡ್ಡಿನಲ್ಲಿ ಯಂತ್ರಕ್ಕೂ ಕರೆಂಟಿಗೂ ದೊಡ್ಡ ಪಾಲು. ಖಾದಿಯಲ್ಲಿ ಹತ್ತಿ ನೂಲಾಗುವುದು ಕೈಯಿಂದ, ಲಡಿ ಸುತ್ತುವುದು ಕೈಯಿಂದ, ಹಾಸು ಹೂಡುವುದು, ಹೊಕ್ಕು ಹೊಡೆಯುವುದು, ಗಿಡದ ಬಣ್ಣದಲ್ಲಿ ಅದ್ದಿ ಒಣಗಿಸುವುದು ಎಲ್ಲ ಕೈಯಿಂದಲೇ. ಕೊಳ್ಳುವವನ ರೂಪಾಯಿ ಹಂಚಿ ಹಂಚಿ ಅಷ್ಟೂ ಮನೆಗಳಿಗೆ ಹೋಗುತ್ತದೆ. ಲಾಭ ಹೆಚ್ಚಿಸಬೇಕೆಂದರೆ ಮೊದಲು ಕೈಗಳನ್ನು ಕಡಿಮೆ ಮಾಡಬೇಕು. ಕೌಲಗಿಯವರು ನಡೆಸಿದ್ದು ಅದಕ್ಕೆ ಪೂರ್ತಿ ತಿರುವುಮುರುವಾದ ಲೆಕ್ಕ. ಗಾಂಧಿ ಹೇಳಿದ್ದನ್ನು ಭಾಷಣದಲ್ಲಿ ಹೇಳಿದವರು ನಾಡಿನಲ್ಲಿ ಬಹಳ ಮಂದಿ, ಬಟ್ಟೆಯ ಬೆಲೆಚೀಟಿಯಲ್ಲಿ ಬರೆದು ದಕ್ಕಿಸಿಕೊಂಡವರು ಕೆಲವರೇ. ಈ ಕೆಲವರಲ್ಲಿ ಅವರೊಬ್ಬರು ಎಂಬ ಕಾರಣಕ್ಕೇ ಊರ ಚರಿತ್ರೆಯಲ್ಲಿ ಅವರಿಗೆ ಆಚಾರ್ಯರ, ಅರಸರ ಸಾಲಿನಲ್ಲೇ ಜಾಗ ಕೊಡುತ್ತೇನೆ. ಇದೇ ಊರಿನಲ್ಲಿ 1905ರಲ್ಲಿ ಹುಟ್ಟಿದ ಕವಿ ಪು.ತಿ.ನರಸಿಂಹಾಚಾರ್ಯರನ್ನು ನೆನೆಯುವಷ್ಟೇ ಪ್ರೀತಿಯಿಂದ ಇವರನ್ನೂ ನೆನೆಯಬೇಕು.

ಗೆಜೆಟಿಯರು ಹೊಗಳಿದ ಹತ್ತಿ ಬಟ್ಟೆಯ ಕಸುಬಿಗೆ ಹೀಗೆ ಇನ್ನೊಂದು ಜೀವ ಬಂತು, ಈ ಸಲ ಕೈಗಳ ಲೆಕ್ಕ ಇಟ್ಟುಕೊಂಡೇ. ದರ್ಶನಕ್ಕೆ ಹೋದವರು ಗೊಜ್ಜಿನ ಪೊಟ್ಟಣ ಹಿಡಿದು ನೇರ ಬಸ್ ಹತ್ತಬೇಡಿ. ಟ್ರಸ್ಟಿನ ಖಾದಿ ಎಲ್ಲಿ ಸಿಗುತ್ತದೆಂದು ಕೇಳಿಕೊಂಡು ಹೋಗಿ. ಬಟ್ಟೆ ಮುಟ್ಟಿ ನೋಡಿ, ನೂತವರು ಯಾರು, ನೇಯ್ದವರು ಯಾರು ಎಂದು ವಿಚಾರಿಸಿ, ಬೆಲೆಯಲ್ಲಿ ಚೌಕಾಸಿ ಮಾಡದೆ ಕೊಂಡು ಬನ್ನಿ.