ಹಲಗಿಗೂ ಮನಿ ಹೊಂದಬೇಕು

ನಮ್ಮ ಮ್ಯಾಲಿನ ಖೋಲಿಗೆ ಮಳಿಗಾಲದಾಗ ಸಾಗವಾನಿ ಹಲಗಿ ತರಿಸಿ, ಮರುದಿನಾನ ಮೊಳಿ ಬಡಿಸಿದ್ವಿ. ಯುಗಾದಿ ಬರೂದ್ರಾಗ ಸಂದಿ ಬಿಟ್ಟು, ಕೆಳಗ ಅಡಗಿ ಮನ್ಯಾಗ ಹಿಟ್ಟಿನ ಮ್ಯಾಲೆ ಧೂಳು ಉದರಾಕತ್ತಿತು. ತಪ್ಪು ಬಡಿಗ್ಯಾಂದಲ್ಲ, ನಮ್ಮ ಅವಸರದ್ದು.

ಹಿಂದಿನವ್ರಿಗೆ ಈ ಅವಸರ ಇರ್ಲಿಲ್ಲ ನೋಡ್ರಿ. ಬರ್ಮಾ ಕಾಡಿನಾಗ ಸಾಗವಾನಿ ಗಿಡಾ ಒಮ್ಮೆಲೆ ಕಡೀತಿರ್ಲಿಲ್ಲ. ಬುಡದ ಸುತ್ತ ಬಳಿ ಹಂಗ ಕಚ್ಚು ಹಾಕಿ, ನಿಂತಲ್ಲೇ ಒಣಗಾಕ ಬಿಟ್ಟು, ಎರಡು-ಮೂರು ವರ್ಷದ ಮ್ಯಾಲೆ ಕಡೀತಿದ್ರು. ಹಸೀ ಸಾಗವಾನಿ ನೀರಾಗ ಮುಳಗತೈತಿ, ಒಣಗಿದ್ದು ತೇಲತೈತಿ. ಹಂಗಾಗಿ ಹೊಳ್ಯಾಗ ತೇಲಿಬಿಟ್ಟು ಸಾಗಸ್ತಿದ್ರು. ಮುಂಬೈದಾಗ ಮಲಬಾರದ ಸಾಗವಾನಿಲೆ ಕಟ್ಟಿ 1817ರಾಗ ನೀರಿಗಿಳಿಸಿದ ಟ್ರಿಂಕೋಮಲಿ ಹಡಗ, ಇಂಗ್ಲೆಂಡಿನ ಹಾರ್ಟಲ್‌ಪೂಲಿನಾಗ ಇವತ್ತಿಗೂ ತೇಲತೈತಿ!

ಕಟಗಿ ಗಾಳ್ಯಾಗಿನ ಹಸಿ ಕುಡದು ಅಗಲಕ್ಕ ಉಬ್ಬತೈತಿ, ಬ್ಯಾಸಗ್ಯಾಗ ಕುಗ್ಗತೈತಿ. ಉದ್ದಕ್ಕ ಅಷ್ಟು ಬದಲಾಗೂದಿಲ್ಲ. ಅದಕ್ಕ ಮದಲ ನೆಲದ ಗಾರಿ ಪೂರಾ ಒಣಗಲಿ. ಆಮ್ಯಾಲೆ ಹಾಸೂ ಖೋಲ್ಯಾಗನ, ಹಲಗಿ ನಡುವ ಸಣ್ಣ ಪಟ್ಟಿ ಕೊಟ್ಟು, ಗಾಳಿ ಆಡೂ ಹಂಗ ಒಟ್ಟಿ ಇಡ್ರಿ. ಹೊಸಾ ಸೊಸಿಗೂ ಮನಿ ಹೊಂದಾಕ ನಾಕು ದಿನಾ ಬೇಕಲ್ಲ? ಹಲಗಿಗೂ ಹಂಗ ರೀ.