ವಾಲಿಯ ಪ್ರಶ್ನೆ (ನಮ್ಮೂರ ಮಾತಿನ ಚರಿತ್ರೆ, ಭಾಗ 4)

ಡಿಬೇಟ್ ಕಲಿಯಲಿಕ್ಕೆ ಯೂಟ್ಯೂಬಲ್ಲಿ ಆಕ್ಸ್‌ಫರ್ಡ್ ಯೂನಿಯನ್ ನೋಡ್ತಾ ಕೂತಿದ್ದೀರಾ? ನೋಡಿ, ಬೇಡ ಅನ್ನುವುದಿಲ್ಲ. ಆದರೆ ನಮ್ಮ ಮಂಗಳೂರಲ್ಲೇ ಮಳೆಗಾಲ ಪೂರ್ತಿ ವಾದ ನಡೆಯುವ ಜಾಗ ಉಂಟು: ತಾಳಮದ್ದಳೆ. ಅಜ್ಜಂದಿರ ಕಾರ್ಯಕ್ರಮ ಅಂತ ಸ್ಕ್ರೋಲ್ ಮಾಡಬೇಡಿ ಮಾರಾಯ್ರೆ.

ಪತ್ತನಾಜೆಗೆ, ಅಂದರೆ ಮೇ ಕೊನೆಗೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಆಮೇಲೆ ಮಳೆ, ಬಯಲಲ್ಲಿ ಆಟ ಆಗುವುದಿಲ್ಲ. ಆಗ ಚಾವಡಿಯಲ್ಲಿ, ದೇವಸ್ಥಾನದಲ್ಲಿ, ಸಭಾಭವನದಲ್ಲಿ ತಾಳಮದ್ದಳೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು, ಚೆಂಡೆ, ಮದ್ದಳೆ, ಎದುರುಬದುರು ಕೂತ ಅರ್ಥಧಾರಿಗಳು ಅಷ್ಟೆ. ಬರೆದದ್ದು ಪದ್ಯ ಮಾತ್ರ. ಮಾತು ಅಲ್ಲೇ ಹುಟ್ಟಬೇಕು.

ಕಳೆದ ವರ್ಷ ಒಂದು ಸ್ಪರ್ಧೆಗೆ ನಾನು ನಾಲ್ಕು ನಿಮಿಷದ ಭಾಷಣ ಬಾಯಿಪಾಠ ಮಾಡಿ ಹೋಗಿದ್ದೆ. ಎದುರಿನವಳು ಕೇಳಿದ್ದು ಒಂದೇ ಪ್ರಶ್ನೆ. ನಾನು ನನ್ನ ಎರಡನೇ ಪ್ಯಾರಾವನ್ನೇ ಮತ್ತೊಮ್ಮೆ ಹೇಳಿ ಕೂತೆ! ತಾಳಮದ್ದಳೆ ಕೇಳಲು ಶುರು ಮಾಡಿದ್ದು ಆ ಸೋಲಿನ ನಂತರ.

20ನೇ ಶತಮಾನದಲ್ಲಿ ಈ ಕಲೆಯನ್ನು ಬೆಳೆಸಿದವರಲ್ಲಿ ದೊಡ್ಡ ಹೆಸರು ಶೇಣಿ ಗೋಪಾಲಕೃಷ್ಣ ಭಟ್ಟರದ್ದು (1918–2006). ಜೊತೆಗೆ ಮಲ್ಪೆಯ ಸಾಮಗ ಸಹೋದರರು, ದೇರಾಜೆ ಸೀತಾರಾಮಯ್ಯ. ಕುಂಬ್ಳೆ ಸುಂದರ ರಾವ್ 1994ರಲ್ಲಿ ಸುರತ್ಕಲ್ ಶಾಸಕರೂ ಆದರು. ಈ ಊರಲ್ಲಿ ಮಾತಿಗೆ ಅಷ್ಟು ಬೆಲೆ ಇತ್ತು.

ಈಗ ವಾಲಿವಧೆ ತಗೊಳ್ಳಿ. ಬಾಣ ನೆಟ್ಟು ಬಿದ್ದ ವಾಲಿ ಕೇಳ್ತಾನೆ: ನಿನಗೂ ನನಗೂ ಜಗಳವೇ ಇರಲಿಲ್ಲ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ? ವಾಲ್ಮೀಕಿಯ ರಾಮ ಹಲವು ಉತ್ತರ ಕೊಡ್ತಾನೆ. ಒಂದು, ತಮ್ಮನ ಹೆಂಡತಿಯನ್ನು ಇಟ್ಟುಕೊಂಡ ನಿನಗೆ ಇದು ಶಿಕ್ಷೆ. ಇನ್ನೊಂದು, ನೀನು ಕಪಿ, ಬೇಟೆಗೆ ಮರೆಯಲ್ಲಿ ನಿಂತರೆ ತಪ್ಪಿಲ್ಲ. ಬೇರೆ ಬೇರೆಯಾಗಿ ನೋಡಿದರೆ ಎರಡೂ ಗಟ್ಟಿ. ಒಟ್ಟಿಗೆ ಇಟ್ಟರೆ? ಕಪಿಯಾದರೆ ಮನುಷ್ಯರ ಧರ್ಮದ ಶಿಕ್ಷೆ ಹೇಗೆ? ಶಿಕ್ಷೆಗೆ ಅರ್ಹನಾದರೆ ಬೇಟೆ ಹೇಗೆ? ಜಾಣ ವಾಲಿ ರಾಮನನ್ನು ಹಿಡಿಯಬಹುದಾದದ್ದು ಇಲ್ಲೇ. ನಾವು ಸ್ಪರ್ಧೆಯಲ್ಲಿ ಐದು ಪಾಯಿಂಟ್ ಗುಡ್ಡೆ ಹಾಕ್ತೇವಲ್ಲ, ಅದರಲ್ಲಿ ಎರಡು ಹೀಗೆ ತಮ್ಮತಮ್ಮಲ್ಲೇ ಜಗಳ ಮಾಡ್ತಾ ಇರ್ತವೆ. ಎದುರಿನವರು ಏನೂ ಮಾಡಬೇಕಾಗಿಲ್ಲ, ತೋರಿಸಿದರೆ ಸಾಕು.

ಗಮನಿಸಿ, ವಾಲಿ ಸಾಯುವುದು ಪ್ರಸಂಗದಲ್ಲಿ ಮೊದಲೇ ನಿಗದಿ. ಆದರೂ ಅರ್ಥಧಾರಿ ಬಿಟ್ಟುಕೊಡುವುದಿಲ್ಲ. ಹಾಗಂತ ಎದುರಾಳಿಯ ಮಾತು ಕೇಳದೆ ಮುಂದೆ ಹೋಗಲಿಕ್ಕೂ ಆಗುವುದಿಲ್ಲ, ಅವರ ಕೊನೆಯ ವಾಕ್ಯದಿಂದಲೇ ಇವರ ಮೊದಲ ವಾಕ್ಯ ಹೊರಡಬೇಕು. ತೀರಾ ಎಳೆದರೆ ಭಾಗವತರು ಮುಂದಿನ ಪದ್ಯ ಎತ್ತುತ್ತಾರೆ. ನಮ್ಮ ಟೈಮ್‌ಕೀಪರ್ ಬೆಲ್ಲಿಗಿಂತ ಎಷ್ಟೋ ಮರ್ಯಾದೆಯ ಪದ್ಧತಿ! ಇನ್ನೊಂದು ವಿಷಯ: ಈ ವಾರ ಕೃಷ್ಣ ಆದವರು ಬರುವ ವಾರ ಕೌರವ ಆಗಬಹುದು. ಎರಡೂ ಕಡೆಯ ತಯಾರಿ ಇಲ್ಲದಿದ್ದರೆ ಅಲ್ಲಿ ಕೂರಲಿಕ್ಕೇ ಸಾಧ್ಯ ಇಲ್ಲ.

ಈ ಆಟಿಯಲ್ಲಿ ಒಂದಕ್ಕಾದರೂ ಹೋಗಿ, ಹೆಚ್ಚಿನ ಕಡೆ ಟಿಕೆಟ್ ಇಲ್ಲ. ಅಷ್ಟರೊಳಗೆ ಒಂದು ಕೆಲಸ. ನೀವೀಗ ರಾಮ. ಆ ಎರಡು ಉತ್ತರಗಳಲ್ಲಿ ಯಾವುದನ್ನು ಬಿಡ್ತೀರಿ, ಯಾವುದನ್ನು ಇಟ್ಟುಕೊಳ್ತೀರಿ? ಕಮೆಂಟಲ್ಲಿ ಹಾಕಿ. ವಾಲಿ ನಾನಾಗ್ತೇನೆ.