ಯೋಧನ ಬೆನ್ನಚೀಲವೂ ಪಥಿಕನ ಬೆನ್ನಚೀಲವೂ

ಶಸ್ತ್ರಗಳ ಚರಿತ್ರೆಯನ್ನು ಬರೆದವರು ಅನೇಕರುಂಟು; ಆ ಶಸ್ತ್ರಗಳನ್ನೂ ಅನ್ನವನ್ನೂ ನೀರನ್ನೂ ಹೊತ್ತು ನಡೆದ ಪದಾತಿಯ ಬೆನ್ನಿನ ಕಥೆಯನ್ನು ವಿಚಾರಿಸಿದವರು ವಿರಳ. ಕ್ರಿಸ್ತಪೂರ್ವ ಎರಡನೆಯ ಶತಮಾನದ ಅಂತ್ಯದಲ್ಲಿ ರೋಮಿನ ಸೇನಾನಿಯಾದ ಮಾರಿಯಸ್ಸನು ಸಾಮಾನಿನ ಸಾಲನ್ನು ಕಡಮೆಮಾಡಿ, ಭಟರ ಸರಂಜಾಮನ್ನು ಅವರವರ ಹೆಗಲಿಗೇ ಏರಿಸಿದನು. ಆ ಭಟರಿಗೆ 'ಮಾರಿಯಸ್ಸನ ಹೇಸರಗತ್ತೆಗಳು' ಎಂಬ ಅಡ್ಡಹೆಸರು ನಿಂತಿತು. ಪರಿಹಾಸದ ಈ ಮಾತಿನಲ್ಲಿ ಪದಾತಿಯ ಚಿರಕಾಲದ ಕಷ್ಟವು ಅಡಗಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಹೊರೆಯನ್ನು ಬಿಗಿಯುವ ಸಾಧನವು ಬಹುಮಟ್ಟಿಗೆ ಚರ್ಮವೇ ಆಗಿತ್ತು. ಚರ್ಮವು ನೆನೆದರೆ ತೂಕವೇರುವುದು, ಒಣಗಿದರೆ ಬಿರಿಯುವುದು. ಇದಕ್ಕಿಂತಲೂ ದೊಡ್ಡ ದೋಷವೊಂದುಂಟು. ಚರ್ಮವನ್ನು ಹದಮಾಡುವಾಗ ಸೇರಿದ ಆಮ್ಲವು ತೋಟಾದ ಲೋಹವನ್ನು ಸೋಂಕಿ ಕಿಲುಬು ಹಿಡಿಸುತ್ತಿತ್ತು. ಕಿಲುಬೇರಿದ ತೋಟಾ ಬಂದೂಕಿನಲ್ಲಿ ಸಿಕ್ಕಿಕೊಂಡರೆ ಭಟನ ಪ್ರಾಣಕ್ಕೇ ಸಂಚಕಾರ. ಅಮೆರಿಕದ ಸೇನಾಧಿಕಾರಿಯಾದ ಆನ್ಸನ್ ಮಿಲ್ಸ್ ಎಂಬಾತನು ಇದನ್ನು ಮನಗಂಡು, ನಡುಪಟ್ಟಿಯನ್ನೂ ತೋಟಾ ಸಿಕ್ಕಿಸುವ ಕುಣಿಕೆಗಳನ್ನೂ ಹತ್ತಿಯ ನೂಲಿನಿಂದ ಹೊಲಿಗೆಯಿಲ್ಲದೆ ಒಂದಾಗಿ ನೇಯಿಸುವ ಉಪಾಯವನ್ನು ಬಳಕೆಗೆ ತಂದನು. ಇಂದು 'ವೆಬ್ಬಿಂಗ್' ಎನ್ನಿಸಿಕೊಳ್ಳುವ ಗಟ್ಟಿ ನೂಲುಪಟ್ಟಿಯ ಸೈನಿಕ ಸಜ್ಜಿಗೆ ಇದು ಬುನಾದಿಯಾಯಿತು.

1899ರಿಂದ 1902ರವರೆಗೆ ದಕ್ಷಿಣ ಆಫ್ರಿಕದಲ್ಲಿ ನಡೆದ ಬೋಯರ್ ಯುದ್ಧದಲ್ಲಿ ಚರ್ಮದ ಸಜ್ಜಿನ ಕುಂದುಗಳು ಬ್ರಿಟಿಷರಿಗೂ ಮನವರಿಕೆಯಾದುವು. 1908ರಲ್ಲಿ ಅವರ ಸೈನ್ಯವು ನೂಲುಪಟ್ಟಿಯ ಸಜ್ಜನ್ನು ಸ್ವೀಕರಿಸಿತು. ಮುಂದೆ 150 ತೋಟಾಗಳ ಚೀಲಗಳು, ಹಿಂದೆ ಬೆನ್ನಚೀಲ, ಪಕ್ಕಗಳಲ್ಲಿ ನೀರಿನ ಸೀಸೆಯೂ ಬುತ್ತಿಯ ಚೀಲವೂ; ಕಾವಡಿಯ ಎರಡು ತುದಿಗಳಂತೆ ಹಿಂದುಮುಂದಿನ ತೂಕಗಳು ಒಂದನ್ನೊಂದು ಸರಿದೂಗಿಸುತ್ತಿದ್ದುವು. ಇಡೀ ಸಜ್ಜನ್ನು ಅಂಗಿಯಂತೆ ಒಮ್ಮೆಗೇ ತೊಟ್ಟು ಒಮ್ಮೆಗೇ ಕಳಚಬಹುದಾಗಿತ್ತು. 1914ರಲ್ಲಿ ಮಹಾಯುದ್ಧವು ಒದಗಿದಾಗ ಬೇಡಿಕೆಗೆ ತಕ್ಕಷ್ಟು ನೇಯಲಾಗದೆ, ಹೊಸ ದಳಗಳಿಗೆ ಮತ್ತೆ ಚರ್ಮವನ್ನೇ ಕೊಡಬೇಕಾಯಿತು.

ಆದರೆ ಹೊರೆಯನ್ನು ಹಂಚುವ ಜಾಣ್ಮೆಯು ಹೊರೆಯನ್ನು ಕುಗ್ಗಿಸಲಿಲ್ಲ. 1916ರ ಜುಲೈ 1ರಂದು ಫ್ರಾನ್ಸಿನ ಸೊಮ್ ರಣಭೂಮಿಯಲ್ಲಿ ಪ್ರತಿಯೊಬ್ಬ ಬ್ರಿಟಿಷ್ ಪದಾತಿಯ ಮೈಮೇಲೆ ಸುಮಾರು 66 ಪೌಂಡಿನ ಭಾರವಿತ್ತು. ಕಂದಕದಿಂದ ಮೇಲೇಳುವುದೂ ಬೇಗನೆ ಮುಂದುವರಿಯುವುದೂ ಇದರಿಂದ ಕಷ್ಟವಾಯಿತೆಂದು ಬ್ರಿಟಿಷ್ ಸರ್ಕಾರದ ಯುದ್ಧಚರಿತ್ರೆಯೇ ಒಪ್ಪುತ್ತದೆ. ಆ ಒಂದೇ ದಿನ 19,000ಕ್ಕೂ ಮಿಕ್ಕ ಬ್ರಿಟಿಷ್ ಯೋಧರು ಮಡಿದರು. ಯಂತ್ರಬಂದೂಕುಗಳೂ ಮುಳ್ಳುತಂತಿಗಳೂ ಕೊಂದುವೆಂಬುದು ನಿಜ. ಓಡಬೇಕಾದ ಸ್ಥಳದಲ್ಲಿ ಅವರು ಓಡಲಾರದೆ ಹೋದರೆಂಬುದೂ ನಿಜ.

ಸೈನ್ಯಕ್ಕೂ ವಿಹಾರಕ್ಕೂ ಈ ವಿಷಯದಲ್ಲಿ ಕೊಟ್ಟುಕೊಳ್ಳುವ ಸಂಬಂಧವುಂಟು. ಬ್ರಿಟಿಷರು ನೂಲುಪಟ್ಟಿಯನ್ನು ಸ್ವೀಕರಿಸಿದ 1908ರಲ್ಲಿಯೇ ನಾರ್ವೆಯ ಓಲೆ ಬರ್ಗನ್ ಎಂಬಾತನು ಬೆನ್ನಿನ ಆಕಾರಕ್ಕೆ ಬಾಗಿದ ಚೌಕಟ್ಟಿಗೆ ಚೀಲವನ್ನು ಕಟ್ಟುವ ಉಪಾಯವನ್ನು ಕಂಡುಕೊಂಡನು. ಬೇಟೆಗಾರನ ಅನುಕೂಲಕ್ಕಾಗಿ ಹುಟ್ಟಿದ ಈ ಚೀಲವು ಕಾಲಕ್ರಮದಲ್ಲಿ ಸೈನ್ಯಗಳನ್ನು ಸೇರಿತು. ಬ್ರಿಟಿಷ್ ಯೋಧರು ತಮ್ಮ ದೊಡ್ಡ ಬೆನ್ನಚೀಲವನ್ನು ಈಗಲೂ 'ಬರ್ಗನ್' ಎಂದೇ ಕರೆಯುವರು. 1945ರಲ್ಲಿ ಎರಡನೆಯ ಮಹಾಯುದ್ಧವು ಮುಗಿಯಲು, ಉಳಿದ ಸೈನಿಕ ಚೀಲಗಳೂ ಪಟ್ಟಿಗಳೂ ಅಗ್ಗದ ಬೆಲೆಗೆ ಮಾರಾಟವಾಗಿ, ಬ್ರಿಟನ್ನಿನಲ್ಲಿಯೂ ಅಮೆರಿಕದಲ್ಲಿಯೂ ಬೆಟ್ಟವೇರುವವರ, ಮೀನು ಹಿಡಿಯುವವರ, ಸ್ಕೌಟ್ ಬಾಲಕರ ಬೆನ್ನನ್ನು ಸೇರಿದುವು. 1997ರಲ್ಲಿ ಅಮೆರಿಕದ ಸೈನ್ಯವು ಹೊರತಂದ 'ಮಾಲಿ' ಎಂಬ ಸಜ್ಜಿನಲ್ಲಿ ಒಂದಂಗುಲ ಅಗಲದ ಪಟ್ಟಿಗಳು ಸಾಲುಸಾಲಾಗಿ ಹೊಲಿಯಲ್ಪಟ್ಟಿದ್ದು, ಬೇಕಾದ ಚೀಲವನ್ನು ಬೇಕಾದೆಡೆಯಲ್ಲಿ ಸಿಕ್ಕಿಸಬಹುದು. ಇಂದಿನ ಅನೇಕ ಪಥಿಕರ ಚೀಲಗಳಲ್ಲಿಯೂ ಇದೇ ಏರ್ಪಾಡು ಕಾಣುತ್ತದೆ.

ಚೀಲವು ಒಂದೇ ಬಗೆಯದಾದರೂ ಹೊರುವವರ ಸ್ಥಿತಿಯು ಒಂದೇ ಅಲ್ಲ. ಪಥಿಕನು ಹೊರಡುವ ಮುನ್ನ ತನ್ನ ಚೀಲವನ್ನು ತೂಗಿ, ಬೇಡವಾದುದನ್ನು ಮನೆಯಲ್ಲಿಯೇ ಬಿಡಬಲ್ಲನು; ದಣಿದಾಗ ಮರದ ನೆರಳಿನಲ್ಲಿ ಇಳುಹಬಲ್ಲನು. ಯೋಧನ ಹೊರೆಯನ್ನು ನಿರ್ಣಯಿಸುವವರು ಬೇರೆಯವರು. ಇಳುಹಲು ಅಪ್ಪಣೆ ಕೊಡುವವರೂ ಬೇರೆಯವರೇ. ಪಥಿಕನಿಗೆ ಇಂದು ಸುಖಕರವಾಗಿರುವ ಪಟ್ಟಿಯ ಹಿಂದೆ, ಅಂತಹ ಸ್ವಾತಂತ್ರ್ಯವಿಲ್ಲದೆ ನಡೆದ ಅಸಂಖ್ಯ ಪದಾತಿಗಳ ಅನುಭವವಿದೆ ಎಂಬುದನ್ನು ಮರೆಯಲಾಗದು.